ಮನೆಯವರನ್ನೆಲ್ಲ ನೋಡಿಕೊಂಡ ಮೇಲೆ, ನಮ್ಮನ್ನು ನೋಡಿಕೊಳ್ಳುವ ಹೊತ್ತು ಯಾವುದು?

ತೋಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನಮ್ಮ ಕಡೆಯ ಹೆಂಗಸರಿಗೆ ಮನೆಯವರ ಆರೋಗ್ಯದ ಲೆಕ್ಕವೆಲ್ಲ ಬಾಯಿಪಾಠ. ಅತ್ತೆಯ ಬಿಪಿ ಮಾತ್ರೆ ಯಾವ ಹೊತ್ತಿಗೆ, ಗಂಡನ ಸಕ್ಕರೆ ಕಳೆದ ಸಲ ಎಷ್ಟಿತ್ತು, ಮಗನಿಗೆ ಯಾವ ಔಷಧ ಒಗ್ಗುವುದಿಲ್ಲ, ಗಬ್ಬದ ಹಸುವಿಗೆ ಎಷ್ಟು ತಿಂಗಳಾಯಿತು, ಎಲ್ಲ ಗೊತ್ತು. "ನಿಮ್ಮ ಬಿಪಿ ಎಷ್ಟು?" ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇಲ್ಲ.

ಈಗ ಮಳೆಗಾಲ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವವರು ಬಂದ ದಿನ ಬೆಳಗ್ಗೆ ಕುಡಿಯಲು ಆಸರಿಗೆ, ಆಮೇಲೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಮತ್ತೆ ಚಹಾ. ನಡುವೆ ಕೊಟ್ಟಿಗೆ ಕೆಲಸ. ಒಗೆದ ಬಟ್ಟೆ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ದಿನ ಮುಗಿಯುವ ಹೊತ್ತಿಗೆ ಕಾಲು ಎತ್ತಿಡಲು ಆಗುವುದಿಲ್ಲ. ದೀಪಾವಳಿಗೆ, ನರಕ ಚತುರ್ದಶಿಯ ದಿನ, ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ಬಿಸಿ ಬಿಸಿ ನೀರು ಹೊಯ್ಯುತ್ತಾರೆ. ಅವತ್ತು ಯಾರೂ ಅವಸರ ಮಾಡುವುದಿಲ್ಲ. ಆ ಥರದ್ದು ವರ್ಷಕ್ಕೆ ಒಂದು ದಿನ ಸಾಕಾ?

ರೆಸಾರ್ಟಿಗೆ ಹೋಗುವುದು, ಹತ್ತು ದಿನದ ಶಿಬಿರ, ಇವೆಲ್ಲ ನನಗೆ ಬೇಡ. ಅಂಥದ್ದು ಮುಗಿದ ಮಾರನೇ ದಿನ ಅದೇ ಒಲೆ, ಅದೇ ಕೊಟ್ಟಿಗೆ. ನನಗೆ ಬೇಕಾಗಿರುವುದು ದಿನಾ ಮಾಡುವಂಥದ್ದು, ಸಣ್ಣದು, ಹಲ್ಲುಜ್ಜುವಷ್ಟು ಸಹಜವಾಗಿ ಉಳಿಯುವಂಥದ್ದು. ನಿಮ್ಮಲ್ಲಿ ಯಾರಿಗೆ ಅದು ನಿಂತಿದೆ? ಹೇಗೆ ನಿಂತಿತು? ವಿವರವಾಗಿ ಹೇಳಿ.

ಕಾಳಿತೀರ, ಕಾರವಾರ

ಬ್ಯಾಂಕಿನಿಂದ ನಿವೃತ್ತ. ಬೆಳಗ್ಗೆ ಟಾಗೋರ್ ಬೀಚಿನಲ್ಲಿ ನಡೆಯುವವರ ಒಂದು ಗುಂಪೇ ಇದೆ ನಮ್ಮದು. ಯುದ್ಧನೌಕೆ ವಸ್ತುಸಂಗ್ರಹಾಲಯ ಇದೆಯಲ್ಲ, ಐಎನ್‌ಎಸ್ ಚಾಪಲ್, ಅಲ್ಲಿ ಸೇರಿ ಹೊರಡುತ್ತೇವೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಫೋನ್ ಮಾಡುತ್ತಾರೆ. ಇಷ್ಟು ವರ್ಷ ಅದು ನಿಂತಿರುವುದು ಆ ಫೋನಿನಿಂದಲೇ.

ಜೂನ್ ಬಂತೆಂದರೆ ತೊಂದರೆ. ಕಡಲು ಉಕ್ಕುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಸುಮಾರು ಜನ ಆಗ ನಿಲ್ಲಿಸಿದವರು ಮತ್ತೆ ಶುರು ಮಾಡುವುದೇ ಇಲ್ಲ. ಅದಕ್ಕೇ ನಾವು ಮಳೆಗಾಲಕ್ಕೆ ಬೇರೆ ದಾರಿ ಮಾಡಿಕೊಂಡಿದ್ದೇವೆ. ಮನೆಯ ವರಾಂಡ, ಮೆಟ್ಟಿಲು, ಎಲ್ಲಿ ಜಾಗ ಇದೆಯೋ ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಉಸಿರು ಏರುವಂಥ ಚಟುವಟಿಕೆ. ಅದನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಒಟ್ಟಿಗೇ ಒಂದು ಗಂಟೆ ಸಿಗಬೇಕು ಅಂತ ಕಾಯುವವರಿಗೆ ಅದು ಸಿಗುವುದೇ ಇಲ್ಲ.

ಜಗುಲಿಕಟ್ಟೆ, ಸಿದ್ದಾಪುರ

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ಸೊಪ್ಪಿನ ಬೆಟ್ಟ ಹತ್ತಿ ದರಕು (ಒಣಗಿದ ಎಲೆ) ತರುವವರಿಗೆ, ತೋಟದಲ್ಲಿ ಹೊರೆ ಹೊರುವವರಿಗೆ ಬೇರೆ ವ್ಯಾಯಾಮ ಯಾಕೆ? ನಮ್ಮ ಹಿರಿಯರು ಯಾರೂ ವಾಕಿಂಗ್ ಹೋಗಲಿಲ್ಲ. ಕೆಲಸ ಮುಗಿಸಿ ಜಗುಲಿಯಲ್ಲಿ ಕೂತು, ಕವಳ (ಎಲೆಅಡಿಕೆ) ಹಾಕಿ, ನಾಲ್ಕು ಮಾತಾಡಿದರೆ ಆಯಾಸವೆಲ್ಲ ಇಳಿಯುತ್ತಿತ್ತು. ಈಗ ಆ ಮಾತುಕತೆ ಹೋಗಿದೆ. ನನ್ನ ಪ್ರಕಾರ ಕಳೆದುಕೊಂಡಿರುವುದು ಅದನ್ನೇ.

ಊರದಾರಿ, ಕುಮಟಾ

ನಾನು ಆರೋಗ್ಯ ಕಾರ್ಯಕರ್ತೆ. ಮನೆ ಮನೆ ತಿರುಗುವುದೇ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಜಗುಲಿಕಟ್ಟೆ ಅಣ್ಣ, ಮಾತುಕತೆ ಬೇಕು ಅನ್ನುವುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಕೆಲಸವೇ ವ್ಯಾಯಾಮ ಅನ್ನುವುದು ಅರ್ಧ ಮಾತ್ರ ಸರಿ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರನ್ನು ನೋಡಿ. ಬೆನ್ನು ಒಂದೇ ಕಡೆ ಬಗ್ಗಿರುತ್ತದೆ, ಕುತ್ತಿಗೆ ಇಳಿಬಿದ್ದಿರುತ್ತದೆ, ಮಣಿಕಟ್ಟು ಅದದೇ ತಿರುವು ತಿರುವುತ್ತಿರುತ್ತದೆ. ಆ ಮೈಗೆ ಬೇಕಾಗಿರುವುದು ಎದ್ದು ನಿಲ್ಲುವುದು, ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗುವುದು, ಭುಜ ತಿರುಗಿಸುವುದು. ಅರ್ಧ ಗಂಟೆಗೊಮ್ಮೆ ಎದ್ದರೆ ಸಾಕು. ಹೆಚ್ಚು ಕೆಲಸ ಮಾಡುವವರಿಗೇ ಇದು ಹೆಚ್ಚು ಬೇಕು.

ತೋಟದಂಚು ಅಕ್ಕ, ನೀವು ಬಿಪಿ ಮಾತು ಎತ್ತಿದ್ದು ಒಳ್ಳೆಯದಾಯಿತು. ಸ್ವಂತ ಕಾಳಜಿ ಅಂದರೆ ನಾನು ಮೊದಲು ಹೇಳುವುದು ಇದನ್ನೇ. 30 ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಇದೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಅದೇ ಕಾರ್ಯಕ್ರಮದಲ್ಲಿ ಬರುತ್ತದೆ. ಮೇಲಿನದು 140 ಅಥವಾ ಕೆಳಗಿನದು 90, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಬೇರೆ ಬೇರೆ ದಿನ ನೋಡಿದಾಗಲೂ ಬಂದರೆ ಅದು ಅಧಿಕ ರಕ್ತದೊತ್ತಡವೇ. ತಲೆ ಸುತ್ತಿದರೆ ನೋಡೋಣ ಅನ್ನುತ್ತಾರೆ ಸುಮಾರು ಜನ. ಹೆಚ್ಚಿನವರಿಗೆ ಏನೂ ಸುತ್ತುವುದಿಲ್ಲ, ಅದೇ ಇದರ ತೊಂದರೆ. ಉಪ್ಪು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತಾರೆ, ಹೆಚ್ಚುಕಡಿಮೆ ಒಂದು ಟೀ ಚಮಚ. ನಮ್ಮ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಸೇರಿಯೇ ಆ ಒಂದು ಚಮಚ.

ಇನ್ನೊಂದು, ಹೆಂಗಸರು ಕೊನೆಗೆ ತಿನ್ನುವುದು. ನಾನು ಹೋಗುವ ಮನೆಗಳಲ್ಲಿ ದಿನಾ ಕಾಣುತ್ತೇನೆ. ಎಲ್ಲರಿಗೂ ಬಿಸಿ ದೋಸೆ, ಹೊಯ್ದವಳಿಗೆ ಹತ್ತೂವರೆಗೆ ಆರಿದ ದೋಸೆ, ಪಲ್ಯ ಉಳಿದಿದ್ದರೆ ಉಂಟು. ಅದರ ಮೇಲೆ ವಾರಕ್ಕೊಂದು ಉಪವಾಸ. ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ನಮ್ಮಲ್ಲಿ ಎಷ್ಟೋ ಜನರದ್ದು ಅಷ್ಟಿರುವುದಿಲ್ಲ. "ವಯಸ್ಸಾಯಿತು, ಸುಸ್ತು" ಅಂತ ಅವರೇ ಹೇಳಿಕೊಳ್ಳುತ್ತಾರೆ. ಮೂವತ್ತೈದಕ್ಕೆ ಎಂಥ ವಯಸ್ಸು? ಅದು ರಕ್ತ ಕಡಿಮೆ ಇರುವ ಸುಸ್ತು. ತಿಂಡಿಯನ್ನು ಎಲ್ಲರ ಜೊತೆ ಕೂತು ತಿನ್ನುವುದು, ಇದೊಂದನ್ನೇ ನಾಳೆಯಿಂದ ಶುರು ಮಾಡಿ ಅಂತ ಎಲ್ಲ ಅಕ್ಕಂದಿರಿಗೂ ಕೇಳಿಕೊಳ್ಳುತ್ತೇನೆ.

ಕವಳದ ವಿಷಯ ಬೇರೆ ಬರೆಯುತ್ತೇನೆ.

ಊರದಾರಿ, ಕುಮಟಾ

ಕವಳ. ಅಡಿಕೆಯ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಹೊಗೆಸೊಪ್ಪು ಕೆಟ್ಟದ್ದು ಅನ್ನುವುದು ಎಲ್ಲರಿಗೂ ಗೊತ್ತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಇದೆ. ದಿನಾ ಜಗಿಯುವವರಲ್ಲಿ ಬಾಯಿಯ ಒಳಗಿನ ಚರ್ಮ ಬಿಗಿಯಾಗುತ್ತಾ ಬರುತ್ತದೆ. ಖಾರ ತಿಂದರೆ ಉರಿ, ಆಮೇಲೆ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವಾ ನೋಡಿಕೊಳ್ಳಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಜಗುಲಿಕಟ್ಟೆ, ಸಿದ್ದಾಪುರ

ತಂಗಿ, ನಮ್ಮ ಮನೆಯ ಅನ್ನವೇ ಅಡಿಕೆಯಿಂದ. ಓದಿ ಮನಸ್ಸಿಗೆ ಕಷ್ಟವಾಯಿತು, ಆದರೂ ನೀನು ಕಾಳಜಿಯಿಂದ ಹೇಳುತ್ತಿದ್ದೀಯ ಅನ್ನುವುದು ಗೊತ್ತಾಗುತ್ತದೆ. ಒಂದೇ ಸಲಕ್ಕೆ ಬಿಡುವುದು ನಮ್ಮ ವಯಸ್ಸಿನವರಿಗೆ ಆಗುವ ಮಾತಲ್ಲ. ಮೊದಲು ಏನು ಮಾಡಬೇಕು?

ಇನ್ನು ಬೆಟ್ಟ, ತೋಟಕ್ಕೆ ಹೋಗುವವರಿಗೆ ನನ್ನ ಕಡೆಯಿಂದ ಎರಡು ಮಾತು. ಮಳೆಗಾಲದಲ್ಲಿ ನಿಂತ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಕಾಲಿನಲ್ಲಿ ಒಂದು ಸಣ್ಣ ಗೀರು ಇದ್ದರೂ ಇಲಿಜ್ವರ ಬರಲು ಸಾಕು. ಗಂಬೂಟು ಹಾಕಿಕೊಳ್ಳಿ. ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಮೇ ತನಕ, ನಮ್ಮಲ್ಲಿ ಮಂಗನ ಕಾಯಿಲೆಯ ಹೆದರಿಕೆ. ಅದು ಉಣುಗಿನಿಂದ ಬರುವುದು. ದರಕು ತಂದ ದಿನ ಬಟ್ಟೆಯನ್ನು ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಬೇಕು. ಬಿಸಿನೀರಿನ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂದೆ ಉಣುಗು ಕಚ್ಚಿಕೊಂಡಿದೆಯಾ ನೋಡಬೇಕು. ನಮ್ಮ ಮನೆಯಲ್ಲಿ ಇದು ಆಗದೆ ಊಟಕ್ಕೆ ಕೂರುವುದಿಲ್ಲ. ಯಾರೂ ನೆನಪು ಮಾಡಬೇಕಾಗಿಲ್ಲ.

ಊರದಾರಿ, ಕುಮಟಾ

ಅಣ್ಣ, ಮೊದಲು ಹೊಗೆಸೊಪ್ಪು ಬಿಡಿ. ಆಮೇಲೆ ಊಟದ ಮೇಲಿನದ್ದೊಂದು ಇಟ್ಟುಕೊಂಡು ಉಳಿದವನ್ನು ಒಂದೊಂದೇ ಕಡಿಮೆ ಮಾಡುತ್ತಾ ಕೊನೆಗೆ ಅದನ್ನೂ ನಿಲ್ಲಿಸಿ. ಬಾಯಿ ಸುಮ್ಮನಿರುವುದಿಲ್ಲ ಅಂದಾಗ ಬಡೆಸೋಪು, ಲವಂಗ. ರಾತ್ರಿ ಕವಳ ಬಾಯಲ್ಲಿಟ್ಟುಕೊಂಡು ಮಲಗಲೇಬೇಡಿ. ತಂಬಾಕು ಬಿಡುವವರಿಗೆ ಉಚಿತ ಸಹಾಯವಾಣಿ ಇದೆ, 1800-112-356. ನೀವು ಹೇಳಿದ ಸ್ನಾನದ ಕ್ರಮವನ್ನು ನಮ್ಮ ಸಭೆಯಲ್ಲೂ ಹೇಳುತ್ತೇನೆ, ತುಂಬ ಚೆನ್ನಾಗಿದೆ.

ಬಂದರುಮನೆ, ಬೈತಖೋಲ

ಎಲ್ಲ ಓದಿದೆ. ನಮ್ಮ ಕಥೆ ಬೇರೆ. ನಾವು ಮೀನು ಮಾರುವವರು. ಬೆಳಗ್ಗೆ ನಡೆಯಿರಿ ಅಂದರೆ, ಬೆಳಗ್ಗೆಯೇ ನಮಗೆ ಬಂದರಿನಲ್ಲಿ ಹರಾಜು. ಬುಟ್ಟಿ ತುಂಬಿ ಮಾರುಕಟ್ಟೆಗೆ ಹೋಗಿ ಕೂತರೆ ಮಧ್ಯಾಹ್ನ ದಾಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಗಂಡಸರಿಗೆ ಬಲೆ ರಿಪೇರಿ, ದೋಣಿ ರಿಪೇರಿ. ನಮಗೆ ಒಣಮೀನಿನ ವ್ಯಾಪಾರ, ಮನೆ ತುಂಬ ಜನ. ಕೆಲಸ ಕಡಿಮೆಯಾಗುವುದಿಲ್ಲ, ದುಡ್ಡು ಕಡಿಮೆಯಾಗುತ್ತದೆ.

ಒಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಮಾರುಕಟ್ಟೆಯಲ್ಲಿ ಕೂರುವ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಶೌಚಾಲಯ ಇರುವ ಕಡೆ ಬೀಗ, ಬೀಗ ಇಲ್ಲದ ಕಡೆ ನೀರಿಲ್ಲ. ಬೆಳಗ್ಗೆಯಿಂದ ತಡೆದುಕೊಂಡು ಕೂತು ಎಷ್ಟು ಜನರಿಗೆ ಉರಿಮೂತ್ರ, ಜ್ವರ! ನೀರು ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಹೆಂಗಸರು ಒಟ್ಟಾಗಿ ಹೋಗಿ ಕೇಳಿದ ಮೇಲೆ ಒಂದು ಕಡೆ ಬೀಗದ ಕೈ ನಮ್ಮವರ ಹತ್ತಿರವೇ ಇರುವ ಹಾಗೆ ಆಯಿತು. ಈಗ ಪ್ರತಿಯೊಬ್ಬಳ ಬುಟ್ಟಿಯ ಪಕ್ಕದಲ್ಲೂ ಒಂದು ಬಾಟಲಿ ಇದೆ. ಆ ಬೀಗದ ಕೈಯನ್ನೂ ನಾನು ನಮ್ಮ ಕಾಳಜಿಯ ಲೆಕ್ಕಕ್ಕೇ ಸೇರಿಸುತ್ತೇನೆ.

ದಿನಾ ತಪ್ಪದೆ ಮಾಡುವುದು ಒಂದೇ, ಪಾದ. ಮಂಜುಗಡ್ಡೆ ಕರಗಿದ ಉಪ್ಪುನೀರಿನಲ್ಲಿ ದಿನವಿಡೀ ಇರುವ ಕಾಲು ಇವು. ಬೆರಳ ಸಂದು ಬೆಳ್ಳಗಾಗಿ ಬಿರಿಯುತ್ತದೆ, ಹಿಮ್ಮಡಿಯ ಒಡಕಿನಲ್ಲಿ ಮೀನಿನ ಪೊರೆ ಸಿಕ್ಕಿಕೊಂಡಿರುತ್ತದೆ. ಮನೆಗೆ ಬಂದವಳೇ ಒಳಗೆ ಹೋಗುವುದಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದು ಒಂದೊಂದೇ ಒರೆಸುತ್ತೇನೆ. ಒರೆಸಿ ಒಣಗಿಸುವುದೇ ಮುಖ್ಯ. ಆಮೇಲೆ ಹಿಮ್ಮಡಿಗೆ ತೆಂಗಿನೆಣ್ಣೆ. ಪಕ್ಕದ ಮನೆಯವಳೂ ಅದೇ ಹೊತ್ತಿಗೆ ಬಂದು ಕೂರುತ್ತಾಳೆ. ಅವತ್ತಿನ ವ್ಯಾಪಾರ, ಮಕ್ಕಳು, ಸಾಲ, ಎಲ್ಲ ಮಾತಾಗುತ್ತದೆ. ಅಲ್ಲಿ ಕೂತಿದ್ದಾಗ ಯಾರೂ ಕರೆಯಬಾರದು ಅಂತ ಮಕ್ಕಳಿಗೂ ಗೊತ್ತು.

ಪಾಳಿಮನೆ, ಮಲ್ಲಾಪುರ

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ನನ್ನದು ನಿದ್ದೆಯ ವಿಷಯ. ದೊಡ್ಡವರಿಗೆ 7 ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಪಾಳಿಯವರು ಅದನ್ನು ಹಗಲಲ್ಲಿ ತೀರಿಸಬೇಕು, ಹಗಲು ಬಿಡುವುದಿಲ್ಲ. ಗ್ಯಾಸಿನವರು, ನೆಂಟರು, ಕೊರಿಯರ್. ನಮ್ಮ ಮನೆಯಲ್ಲಿ ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಫೋನು ಹೊರಗಿನ ಕೋಣೆಯಲ್ಲಿ, ಬಾಗಿಲಿಗೆ "ರಾತ್ರಿ ಪಾಳಿ" ಅಂತ ಒಂದು ಚೀಟಿ. ಪಾಳಿಯ ಎರಡನೇ ಅರ್ಧದಲ್ಲಿ ಚಹಾ ಕುಡಿಯುವುದಿಲ್ಲ. ಕುಡಿದ ಚಹಾ ಕಾಫಿಯ ಅಂಶ ಐದಾರು ಗಂಟೆಯ ಮೇಲೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಚೀಟಿ ಹಾಕಿದ್ದು ಹೆಂಡತಿಯ ಯೋಚನೆ. ಅವಳ ಮಧ್ಯಾಹ್ನದ ನಿದ್ದೆಗೂ ಅದೇ ಚೀಟಿ ತಿರುಗಿಸಿ ಹಾಕುತ್ತೇವೆ.

ಹೊಳೆಸಾಲು, ಹೊನ್ನಾವರ

ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಭ್ಯಾಸ ಹೇಗೆ ಕೂರುತ್ತದೆ ಅನ್ನುವ ಬಗ್ಗೆ ಲಂಡನ್ನಿನಲ್ಲಿ ಒಂದು ಅಧ್ಯಯನ ಆಗಿತ್ತು, 2010ರಲ್ಲಿ ಪ್ರಕಟವಾಯಿತು. 96 ಜನ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು ದಿನಾ ಮಾಡಿದರು. ತಾನಾಗಿಯೇ ಆಗುವ ಹಂತಕ್ಕೆ ಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕು ಅಂತ ಕಂಡಿತು. ನಡುವಿನ ಲೆಕ್ಕ 66. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ನಂಬಿ ಇಪ್ಪತ್ತೆರಡನೇ ದಿನ ಕೈಬಿಡಬೇಡಿ. ಇನ್ನೂ ಒಳ್ಳೆಯ ಸುದ್ದಿ ಏನೆಂದರೆ, ನಡುವೆ ಒಂದು ದಿನ ತಪ್ಪಿದರೆ ಅದರಿಂದ ಹೇಳಿಕೊಳ್ಳುವಂಥ ಹಿನ್ನಡೆ ಕಾಣಲಿಲ್ಲ. ನೆಂಟರು ಬಂದರು, ತಪ್ಪಿತು. ಮಾರನೇ ದಿನ ಮತ್ತೆ ಮಾಡಿದರಾಯಿತು.

ಅವರೆಲ್ಲ ಹೊಸ ಕೆಲಸವನ್ನು ದಿನಾ ಆಗುವ ಯಾವುದೋ ಒಂದರ ಹಿಂದೆ ಕಟ್ಟಿಕೊಂಡಿದ್ದರು, ತಿಂಡಿಯಾದ ಮೇಲೆ ಅನ್ನುವ ಹಾಗೆ. ಸಿದ್ದಾಪುರದ ಅಣ್ಣ ಸ್ನಾನ ಆಗದೆ ಊಟವಿಲ್ಲ ಅಂದರು, ಬಂದರುಮನೆ ಅಕ್ಕ ಕಾಲು ತೊಳೆಯದೆ ಒಳಗೆ ಹೋಗುವುದಿಲ್ಲ ಅಂದರು. ಇಬ್ಬರದ್ದೂ ನಿಂತಿರುವುದಕ್ಕೆ ಅದೇ ಕಾರಣ ಅನ್ನಿಸುತ್ತದೆ.

ಮನಸ್ಸಿನ ಬಗ್ಗೆಯೂ ಮಾತಾಡಬೇಕು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆ ದೂರ. ಮಕ್ಕಳು ಬೆಂಗಳೂರಿನಲ್ಲಿ. ಮಳೆ ಹಿಡಿದು, ಕರೆಂಟು ಹೋಗಿ, ವಾರಗಟ್ಟಲೆ ಬೇರೆಯವರ ಮುಖ ಕಾಣದ ವಯಸ್ಸಾದವರು ಎಷ್ಟಿಲ್ಲ? ನಿದ್ದೆ ಬರುವುದಿಲ್ಲ, ಯಾವುದೂ ಬೇಡ ಅನ್ನಿಸುತ್ತದೆ ಅಂತ ಎರಡು ವಾರ ದಾಟಿದರೆ ಸುಮ್ನೆ ಬಿಡಬಾರದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

ಮೆಜೆಸ್ಟಿಕ್‌ಬಸ್, ಬೆಂಗಳೂರು (ಊರು ಯಲ್ಲಾಪುರ)

ಊರಿನಲ್ಲಿ ಆಯಿ (ಅಮ್ಮ) ಒಬ್ಬಳೇ ಇದ್ದಾಳೆ. ನಾನು ಇಲ್ಲಿಂದ ಏನು ಮಾಡಬಹುದು? ದಿನಾ ಫೋನ್ ಮಾಡುತ್ತೇನೆ, "ಆರಾಮಿದ್ದೇನೆ" ಅನ್ನುತ್ತಾಳೆ, ಅಷ್ಟೇ.

ತೋಟದಂಚು, ಶಿರಸಿ

ತಮ್ಮ, ಮೊದಲು ನಿನಗೆ. "ಆರಾಮಾ?" ಅಂತ ಕೇಳಿದರೆ ಯಾವ ಆಯಿಯೂ ಇಲ್ಲ ಅನ್ನುವುದಿಲ್ಲ. ಇವತ್ತು ತಿಂಡಿ ಎಷ್ಟು ಹೊತ್ತಿಗೆ ತಿಂದೆ, ರಾತ್ರಿ ಎಷ್ಟು ಸಲ ಎದ್ದೆ, ಮಂಡಿ ಹೇಗಿದೆ, ಹಾಗೆ ಕೇಳು. ಕರೆಂಟ್ ಬಿಲ್ಲು, ಗ್ಯಾಸು, ಡಾಕ್ಟರ ಹತ್ತಿರ ಹೊತ್ತು ಗೊತ್ತು ಮಾಡುವುದು, ಇವನ್ನೆಲ್ಲ ನೀನು ಅಲ್ಲಿಂದಲೇ ಮಾಡಬಹುದು. ಅಡಿಕೆ ಸುಲಿಯುವ ಕಾಲದಲ್ಲಿ ರಜೆ ಹಾಕಿ ಬಾ. ಆಯಿಯ ಹಳೆಯ ಗೆಳತಿ ಯಾರಾದರೂ ಇದ್ದರೆ ಅವರ ಮನೆಗೆ ಒಂದು ದಿನ ಕಳಿಸು, ತಾಳಮದ್ದಳೆ ಇದ್ದ ಕಡೆ ಕರೆದುಕೊಂಡು ಹೋಗು. ಮಾತ್ರೆಯಷ್ಟೇ ಅದೂ ಬೇಕು.

ಉಳಿದವರೆಲ್ಲರಿಗೂ. ನಿಮ್ಮ ಮಾತುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ, ಅತ್ತೆ, ಗಂಡ, ಮಗ ಎಲ್ಲ ಕೂತು ಕೇಳಿದರು. ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹೊತ್ತು ಉಳಿಯಲಿ, ಆಮೇಲೆ ನೋಡೋಣ ಅಂದರೆ ಯಾವ ದಿನವೂ ಉಳಿಯುವುದಿಲ್ಲ. ಒಬ್ಬರು ಕೂರಬೇಕಾದರೆ ಆ ಹೊತ್ತಿನ ಕೆಲಸವನ್ನು ಇನ್ನೊಬ್ಬರು ಹಿಡಿಯಬೇಕು. ಬೈತಖೋಲದ ಅಕ್ಕನ ಮಕ್ಕಳು ಕರೆಯುವುದಿಲ್ಲ, ಮಲ್ಲಾಪುರದವರ ಮನೆಯಲ್ಲಿ ಚೀಟಿ, ಕಾರವಾರದ ಹಿರಿಯರಿಗೆ ಗೆಳೆಯರ ಫೋನು. ಯಾರದ್ದೂ ಒಬ್ಬರೇ ಮಾಡಿಕೊಂಡದ್ದಲ್ಲ.

ಹಾಗಾಗಿ ಕೆಲಸ ಹಂಚಿಕೊಂಡೆವು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲಿನ ಅರ್ಧ ಗಂಟೆ ನನ್ನದು ಮತ್ತು ಅತ್ತೆಯದು. ಆ ಹೊತ್ತಿನ ಹಾಲು ಕರೆಯುವುದು ಗಂಡನ ಪಾಲಿಗೆ, ಅನ್ನಕ್ಕಿಡುವುದು ಮಗನ ಪಾಲಿಗೆ. ಮಗ ಅಕ್ಕಿ ಅಳತೆ ಕೇಳಿಕೊಂಡು ಗೋಡೆಯ ಮೇಲೆ ಬರೆದಿಟ್ಟಿದ್ದಾನೆ. ನಾವಿಬ್ಬರೂ ಒಳಜಗುಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತೇವೆ. ಅತ್ತೆ ಗೋಡೆ ಹಿಡಿದು ನಡೆಯುತ್ತಾರೆ, ಸುಸ್ತಾದರೆ ಕೂರುತ್ತಾರೆ, ನಾನು ಮುಂದುವರಿಸುತ್ತೇನೆ. ಕೊನೆಗೆ ಒಬ್ಬರ ಕಾಲಿಗೆ ಇನ್ನೊಬ್ಬರು ಎಣ್ಣೆ ಹಚ್ಚುತ್ತೇವೆ. ಅವರ ಮಂಡಿಯ ಪಕ್ಕದಲ್ಲಿ ಹಳೆಯ ಗಾಯದ ಗುರುತು ಒಂದಿದೆ, ಚಿಕ್ಕವರಿದ್ದಾಗ ಬಿದ್ದದ್ದಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಕಥೆ ಕೇಳಿರಲಿಲ್ಲ.

ಬೆಳಗಿನ ತಿಂಡಿಗೆ ಈಗ ಎರಡು ಕಾವಲಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಗಂಡ. ಎಲ್ಲರೂ ಒಟ್ಟಿಗೆ ಕೂರುತ್ತೇವೆ.

ಊರದಾರಿ ಅಕ್ಕ, ಅತ್ತೆಯನ್ನು ಬಿಪಿ ನೋಡಿಸಲು ಕರೆದುಕೊಂಡು ಹೋಗುವ ದಿನವೇ ನನ್ನದನ್ನೂ ನೋಡಿಸುತ್ತೇನೆ. ಹೋಗುವ ಮುಂಚೆ ಏನು ಗಮನಿಸಬೇಕು?

ಬಂದರುಮನೆ, ಬೈತಖೋಲ

ನನಗೂ ಇದೇ ಬೇಕಿತ್ತು. ನಮ್ಮ ಓಣಿಯ ಹೆಂಗಸರು ಜುಲೈ ಮುಗಿಯುವುದರೊಳಗೆ ಹೋಗಬೇಕು ಅನ್ನುತ್ತಿದ್ದಾರೆ. ದೋಣಿ ಇಳಿದರೆ ಮತ್ತೆ ಯಾರಿಗೂ ಪುರಸೊತ್ತಿಲ್ಲ. ಒಟ್ಟಿಗೆ ಹೋದರೆ ನೋಡುತ್ತಾರಾ?

ಊರದಾರಿ, ಕುಮಟಾ

ಖಂಡಿತ ನೋಡುತ್ತಾರೆ. ನಿಮ್ಮ ಭಾಗದ ಆಶಾ ಕಾರ್ಯಕರ್ತೆಗೆ ಎರಡು ದಿನ ಮುಂಚೆ ಹೇಳಿ, ಎಷ್ಟು ಜನ ಅಂತ ತಿಳಿಸಿ, ಅವರೇ ದಿನ ಗೊತ್ತು ಮಾಡುತ್ತಾರೆ. ಆಧಾರ್ ಕಾರ್ಡು, ಹಳೆಯ ಚೀಟಿಗಳು ಇದ್ದರೆ ಜೊತೆಗಿರಲಿ. ನೋಡುವ ಅರ್ಧ ಗಂಟೆ ಮುಂಚೆ ಚಹಾ, ಕವಳ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಮಳೆಯಲ್ಲಿ ಓಡಿ ಬಂದವರು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಮಾತಾಡದೆ ಕೂರಿ. ತೋಳು ಎದೆಯ ಮಟ್ಟಕ್ಕಿರಲಿ. ಖಾಲಿ ಹೊಟ್ಟೆಯ ಸಕ್ಕರೆ ನೋಡಿಸುವುದಾದರೆ ರಾತ್ರಿ ಊಟದ ಮೇಲೆ ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅವತ್ತೂ ಬಿಡಬೇಡಿ. ಸಕ್ಕರೆ ಮಾತ್ರೆ, ಇನ್ಸುಲಿನ್ ಇರುವವರು ಮಾತ್ರ ಮೊದಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಬಂದ ಸಂಖ್ಯೆಯನ್ನು ನೀವೇ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಕೇಳುತ್ತಾರೆ.

ಬಂದರುಮನೆ, ಬೈತಖೋಲ

ಸರಿ ಅಕ್ಕ. ನಾಳೆಯೇ ಆಶಾ ಅಕ್ಕನಿಗೆ ಹೇಳುತ್ತೇನೆ. ಹಿಮೋಗ್ಲೋಬಿನ್ನೂ ಅವತ್ತೇ ನೋಡಿ ಅಂತ ಕೇಳುತ್ತೇನೆ. ಪಕ್ಕದ ಮನೆಯವಳಿಗೆ ಸೂಜಿ ಕಂಡರೆ ಹೆದರಿಕೆ, ಅವಳನ್ನು ನನ್ನ ಜೊತೆಗೇ ಕರೆದುಕೊಂಡು ಬರುತ್ತೇನೆ.